ನಮ್ಮನೆ ಪೆಟೂನಿಯಕ್ಕೆ ಬಿದ್ದ ಹುಳ

ನಮ್ಮ ಅಂಗಡಿಯ ಮೇಜಿನ ಮೇಲೆ ಒಂದು ಹಳದಿ ರಬ್ಬರ್ ಚೆಂಡಿದೆ. ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕದು, ಮೈತುಂಬ ಮೊಂಡು ಮುಳ್ಳು. ಬೀಜದ ಪೊಟ್ಟಣಗಳು ಗಾಳಿಗೆ ಹಾರದಿರಲಿ ಅಂತ ಅವುಗಳ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ಉರುಳಿ ಹೋಗುವ ವಸ್ತುವನ್ನು, ಅದೂ ಅಂಗೈಯಲ್ಲಿ ಇಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರದ್ದನ್ನು ಭಾರಕ್ಕೆ ಇಟ್ಟುಕೊಂಡವಳು ಇಡೀ ಊಟಿಯಲ್ಲಿ ನಾನೊಬ್ಬಳೇ ಇರಬೇಕು. ಅದು ಆಗಾಗ ಕೆಳಗೆ ಬೀಳುತ್ತದೆ, ನಾನು ಬಗ್ಗಿ ಎತ್ತುತ್ತೇನೆ. "ಒಂದು ಕಲ್ಲು ಇಟ್ಕೋಬಾರದೇನೆ?" ಅಂತ ನಮ್ಮೆಜಮಾನರು ಗೊಣಗುತ್ತಾರೆ. ಮೊನ್ನೆ ಗಿರಾಕಿಯೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಹಣ್ಣಮ್ಮ? ಇದರ ಸಸಿ ಇದೆಯಾ?" ಅಂತ ಕೇಳಿದರು.

ಅದು ಹಣ್ಣಲ್ಲ ಸ್ವಾಮಿ, ನಮ್ಮತ್ತೆಯ ಚೆಂಡು. ತಂದುಕೊಟ್ಟ ದಿನದಿಂದ ಇವತ್ತಿನವರೆಗೆ ಅವರು ಅದನ್ನು ಒಂದು ಸಲವೂ ಹಿಸುಕಿಲ್ಲ. ಯಾಕೆ ಹಿಸುಕಲಿಲ್ಲ, ಅದಕ್ಕೂ ನಮ್ಮನೆ ಪೆಟೂನಿಯ ಗಿಡಗಳಿಗೂ ಏನು ಸಂಬಂಧ ಅಂತ ಹೇಳಬೇಕಾದರೆ ಮೊದಲು ನನ್ನ ಡಾಕ್ಟರಿಕೆಯ ವಿಷಯ ಹೇಳಬೇಕು.

ನಮ್ಮದು ಬೀಜ ಗೊಬ್ಬರದ ಅಂಗಡಿ. ವರ್ಷವೆಲ್ಲ ಕ್ಯಾರೆಟ್, ಆಲೂಗಡ್ಡೆ ಬೆಳೆಯುವವರೇ ನಮ್ಮ ಗಿರಾಕಿಗಳು. ಚಳಿ ಕಳೆದು ಟೂರಿಸ್ಟರ ಸೀಸನ್ ಹತ್ತಿರ ಬಂತು ಅಂದರೆ ಮಾತ್ರ ಹೂವಿನವರು ಬರಲು ಶುರುಮಾಡುತ್ತಾರೆ. ಆಗ ಪೆಟೂನಿಯದ್ದೇ ರಾಜ್ಯಭಾರ. ಸಸಿ ಒಯ್ಯುವಾಗ ಎಲ್ಲರ ಮುಖದಲ್ಲೂ ನಗು. ಸ್ವಲ್ಪ ದಿನ ಬಿಟ್ಟು ಅದೇ ಜನ, ಮಗುವಿಗೆ ಜ್ವರ ಬಂದವರ ಹಾಗೆ, ಒಂದು ಒಣಗಿದ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನನ್ನ ಮುಂದೆ ನಿಲ್ಲುತ್ತಾರೆ. ನಾನು ಕನ್ನಡಕ ಏರಿಸಿ ಎಲೆ ನೋಡುತ್ತೇನೆ. ನಾಡಿ ಹಿಡಿಯುವುದೊಂದು ಬಾಕಿ.

ಹಳೇ ಬಂಗಲೆಯೊಂದರಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರ ಗಿಡಕ್ಕೆ ಎಲೆ ಹಳದಿ. "ದಿನಾ ನೀರು ಹಾಕ್ತೀರಾ ಸಾರ್?" ಅಂದೆ. "ದಿನಾ ಏನಮ್ಮ, ಮೂರು ಹೊತ್ತೂ ಹಾಕ್ತೀನಿ" ಅಂದರು ಹೆಮ್ಮೆಯಿಂದ. ಅಯ್ಯೋ ದೇವರೇ, ಬೇರು ಕೊಳೆಯದೆ ಇನ್ನೇನಾದೀತು! ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ ಅಂತ ಹೇಳಿ ಕಳಿಸಿದೆ. ಮಸಿನಗುಡಿಯಲ್ಲಿ ನಾಲ್ಕು ರೂಮಿನ ಲಾಡ್ಜ್ ಇಟ್ಟುಕೊಂಡಿರುವಾಕೆಯ ಕಷ್ಟ ಬೇರೆ: ಅಲ್ಲಿ ಕೆಳಗೆ ಬಿಸಿಲು ಜಾಸ್ತಿ, ಮಧ್ಯಾಹ್ನ ಗಿಡವೆಲ್ಲ ತಲೆ ಕೆಳಗೆ ಹಾಕುತ್ತದೆ. ನಮ್ಮ ಬೀದಿಯ ಟೈಲರ್ ಗಿಡ ಆಕಾಶಕ್ಕೆ ಏಣಿ ಹಾಕಿದ ಹಾಗೆ ಉದ್ದಕ್ಕೆ ಬೆಳೆದು ತುದಿಯಲ್ಲಿ ಮಾತ್ರ ಒಂದು ಹೂ. ಎಮರಾಲ್ಡ್ ಊರಿನ ಕಡೆಯಿಂದ ಬರುವ, ಮಾಸಿ ಅಂತ ಹೆಸರಿನ ಅಕ್ಕನದು ಮಂಜಿನ ಕಾಟ, ಹೂವಿನ ಮೇಲೆಲ್ಲ ಬೂದಿ ಬೂದಿ ಬೂಷ್ಟು. ಆಕೆಯ ಬಡಗ ಭಾಷೆ, ನನ್ನ ಕನ್ನಡ, ನಡುವೆ ಇಬ್ಬರಿಗೂ ಬರುವ ತಮಿಳು, ಮೂರೂ ಸೇರಿ ನಮ್ಮ ಮಾತುಕತೆ ಆಗುತ್ತದೆ. ಬಾಡಿದ ಹೂ ಗಿಡದ ಮೇಲೆ ಬಿಡಬೇಡ ಅಕ್ಕ, ಕಿತ್ತು ದೂರ ಬಿಸಾಕು, ಕುಂಡಗಳನ್ನು ದೂರ ದೂರ ಇಡು ಅಂದೆ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲರಿಗೂ ಕೊನೆಗೆ ಹೇಳುವ ಮಾತು ಒಂದೇ: "ಚಿವುಟಿ. ಸಸಿ ಗೇಣುದ್ದ ಆಗುತ್ತಲೇ ತುದಿ ಚಿವುಟಿ ಹಾಕಿ. ಆಗ ಪಕ್ಕದಲ್ಲಿ ಕವಲೊಡೆಯುತ್ತೆ, ಗಿಡ ಗುಂಡಗಾಗುತ್ತೆ, ಕುಂಡ ತುಂಬ ಹೂ ಬರುತ್ತೆ."

ಇನ್ನು ನಮ್ಮ ಮನೆಯ ಗಿಡ ನಾನು ಚಿವುಟುತ್ತಿದ್ದೆನಾ? ಉಹೂಂ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಮೊದಲ ಮೊಗ್ಗು ಕಂಡ ಮೇಲೆ ಅದನ್ನು ಚಿವುಟಿ ಬಿಸಾಕುವುದಕ್ಕೆ ನನಗೆ ಮನಸ್ಸೇ ಬರುವುದಿಲ್ಲ. ಬರಲಿ ಬಿಡು, ಒಂದು ಹೂ ನೋಡಿಬಿಡೋಣ ಅನ್ನಿಸುತ್ತದೆ. ಹಾಗಾಗಿ ಪ್ರತಿ ವರ್ಷ ನನ್ನ ಪೆಟೂನಿಯಗಳೂ ಟೈಲರ್ ಮನೆಯವುಗಳ ಹಾಗೆ ಏಣಿಗಳೇ.

ಈ ಹೂವಿನ ಮೇಲೆ ನನಗೆ ಯಾಕಿಷ್ಟು ಮೋಹ ಅಂದರೆ ಅದು ಚಿಕ್ಕಂದಿನ ರೋಗ. ನಮ್ಮಪ್ಪ ಗುಂಡ್ಲುಪೇಟೆ ಕಡೆಯವರು, ಊಟಿಗೆ ಬಂದು ಬೆಳ್ಳುಳ್ಳಿ ಮಂಡಿ ಇಟ್ಟಿದ್ದರು. ನಮ್ಮ ಮನೆ, ಬಟ್ಟೆ, ಪುಸ್ತಕ ಎಲ್ಲಕ್ಕೂ ಬೆಳ್ಳುಳ್ಳಿ ವಾಸನೆ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು ಮೂಗು ಆಚೆ ತಿರುಗಿಸಿಕೊಂಡೇ ಮಗ್ಗಿ ಹೇಳುತ್ತಿದ್ದಳು. ಸ್ಕೂಲಿನ ದಾರಿಯಲ್ಲಿ ಒಂದು ಬಂಗಲೆ, ಅದರ ಕಟ್ಟೆಯ ಮೇಲೆ ಸಾಲಾಗಿ ಪೆಟೂನಿಯ. ನಾವು ಅದನ್ನು ಲೌಡ್‌ಸ್ಪೀಕರ್ ಹೂ ಅನ್ನುತ್ತಿದ್ದೆವು. ಒಂದು ದಿನ ಕೈ ಚಾಚಿ ಒಂದನ್ನು ಕಿತ್ತು ಜಡೆಗೆ ಸಿಕ್ಕಿಸಿಕೊಂಡೆ. ಬೆಳ್ಳುಳ್ಳಿ ವಾಸನೆಗೆ ಮದ್ದಾಗುತ್ತದೆ ಅಂತ ನನ್ನ ಲೆಕ್ಕ. ಆ ಗಿಡ ಮುಟ್ಟಿದವರಿಗೆ ಗೊತ್ತು, ಎಲೆ, ಕಾಂಡ ಎಲ್ಲ ಅಂಟು ಅಂಟು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹೂ ಬಾಡಿ ಒದ್ದೆ ಕಾಗದದ ಹಾಗಾಗಿ ಕೂದಲಿಗೆ ಅಂಟಿಕೊಂಡಿತ್ತು. ಸಂಜೆ ನಮ್ಮಜ್ಜಿ ಎಣ್ಣೆ ಹಾಕಿ ಬಿಡಿಸುತ್ತ, "ದೇವರಿಗೂ ಬೇಡ, ಜಡೆಗೂ ಬೇಡ, ಇದಕ್ಕೆ ಹೂವು ಅಂತ ಹೆಸರಿಟ್ಟವನ್ಯಾರು?" ಅಂತ ಬೈದರು. ಅಷ್ಟು ಬೈಸಿಕೊಂಡರೂ ಆಸೆ ಹೋಗಲಿಲ್ಲ ನೋಡಿ. ಮದುವೆಯಾಗಿ ನನ್ನದೇ ಅಂತ ಒಂದು ಜಗಲಿ ಸಿಕ್ಕ ಮೇಲೆ ನಾನು ಮೊದಲು ಇಟ್ಟಿದ್ದು ಪೆಟೂನಿಯ ಕುಂಡವನ್ನೇ.

ಮದುವೆ ಅಂದೆನಲ್ಲ, ಈಗ ಅತ್ತೆಯ ವಿಷಯಕ್ಕೆ ಬಂದೆ. ಅತ್ತೆಯ ತವರೂ ಗುಂಡ್ಲುಪೇಟೆ ಸೀಮೆಯೇ. ಆದರೆ ಮದುವೆಯಾಗಿ ಹೋಗಿದ್ದು ಚೇರಂಬಾಡಿಗೆ, ಕೇರಳದ ಗಡಿಗೆ. ಮೊಣಕಾಲು ನಡೆಸುವ ತನಕ ಅಲ್ಲಿನ ಟೀ ಎಸ್ಟೇಟಿನಲ್ಲಿ ಎಲೆ ಕಿತ್ತವರು, ಆಮೇಲೆ ಊಟಿಗೆ ಮಗನ ಮನೆಗೆ ಬಂದವರು. ಅವರ ಮಾತಿನಲ್ಲಿ ಕನ್ನಡ ಹಿಟ್ಟು, ತಮಿಳು ನೀರು, ಮೇಲೆ ಒಂದು ಚಿಟಿಕೆ ಮಲಯಾಳ. ಮನುಷ್ಯರನ್ನು ಅಳೆಯುವುದಕ್ಕೆ ಅವರಿಗಿದ್ದ ಅಳತೆ ಒಂದೇ, ಬೆರಳು. ನಾನು ಹೊಸ ಸೊಸೆಯಾಗಿ ಹೋದ ದಿನ ಎಲ್ಲರೂ ನನ್ನ ಮುಖ, ಸೀರೆ, ಸರ ನೋಡುತ್ತಿದ್ದರೆ ಅತ್ತೆ ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, "ಈ ಕೈನಾಗೆ ಒಂದು ಬುಟ್ಟಿ ಎಲೆ ಆಗಕ್ಕಿಲ್ಲ ಕನ" ಅಂದರು. ಎಲೆ ಕೀಳುವುದಕ್ಕೆ ನಾನು ಬಂದಿರಲಿಲ್ಲ ಅನ್ನುವುದು ಬೇರೆ ಮಾತು.

ಅವರ ಇನ್ನೊಂದು ಖಾಯಂ ತೀರ್ಪು ನಾನು ಮಾಡುವ ರಾಗಿಮುದ್ದೆಯ ಮೇಲೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಅತ್ತೆಗೆ ರಾತ್ರಿ ಹಿಟ್ಟು, ಉಪ್ಸಾರು, ಪಕ್ಕದಲ್ಲಿ ಖಾರ ಇದ್ದರೆ ಸ್ವರ್ಗ ಬೇಡ. ನಾನು ಮಂಡಿ ಮನೆಯ ಹುಡುಗಿ, ಅನ್ನ, ಬನ್ನು, ವರ್ಕಿ ಬಿಸ್ಕತ್ತು ತಿಂದು ಬೆಳೆದವಳು, ಕೋಲು ಹಿಡಿದು ಹಿಟ್ಟು ತೊಳಸುವುದು ನನಗೆ ನೆಟ್ಟಗೆ ಬರಲೇ ಇಲ್ಲ. ಮೊದಲ ತುತ್ತು ನುಂಗುತ್ತಲೇ ಅತ್ತೆ ಹೇಳುತ್ತಿದ್ದರು: "ಗಂಟಾಗದೆ." ಅಂದರೆ, ಹಿಟ್ಟು ಗಂಟು ಗಂಟಾಗಿದೆ ಅಂತ. ಮದುವೆಯಾದ ಹೊಸತರಲ್ಲಿ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ. ಆಮೇಲೆ ಸಿಟ್ಟು ಮಾಡಿಕೊಂಡೆ. ಕಾಲ ಕಳೆದಂತೆ ಅದು ನಮ್ಮನೆಯ ಊಟದ ಮಂತ್ರದ ಹಾಗಾಗಿ, ಅದನ್ನು ಕೇಳಿಸಿಕೊಂಡೇ ನಾವೆಲ್ಲ ಉಣ್ಣಲು ಶುರುಮಾಡುತ್ತಿದ್ದೆವು.

ಹೋದ ಸಲ ದೀಪಾವಳಿ ಕಳೆದ ಮೇಲೆ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗಡೆ ಬಿದ್ದುಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಾತು ಬಂತು. ಎಲ್ಲಕ್ಕಿಂತ ಮೊದಲು ನಾಲಿಗೆಯೇ ಸರಿಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ, ಹಾಗೇ ಆಯಿತು. ಆಮೇಲೆ ಕಾಲು, ಗೋಡೆ ಹಿಡಿದು ನಡೆಯುವಷ್ಟು. ಕೈ ಮಾತ್ರ ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಿಚಿಕೊಂಡು, ಯಾರದೋ ಕೈ ತಂದು ಮಡಿಲಲ್ಲಿ ಇಟ್ಟುಕೊಂಡ ಹಾಗೆ ಕೂತಿರುತ್ತಿದ್ದರು.

ಊಟದ್ದೇ ದೊಡ್ಡ ರಾಮಾಯಣ. ನಾನು ಕಲಸಿ ತುತ್ತು ಮಾಡಿ ಬಾಯಿಯ ಹತ್ತಿರ ಒಯ್ದೆ. ಅತ್ತೆ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದರು. ನಮ್ಮೆಜಮಾನರು ಒಯ್ದರು, ಆಗಲೂ ಅಷ್ಟೇ. "ಬಾಯಿಗೆ ಇಡಿಸ್ಕಳ ಗತಿ ನನಗೆ ಬ್ಯಾಡ" ಅಂದರು. ಎಡಗೈಯಲ್ಲಿ ಅನ್ನ ಮುಟ್ಟುವುದು ಅವರಿಂದ ಆಗದ ಮಾತು. ಕೊನೆಗೆ ಎಡಗೈಗೆ ಚಮಚ ಕೊಟ್ಟು ರಾಜಿಯಾದೆವು. ಗಂಜಿ, ಮೆತ್ತಗಿನ ಅನ್ನ, ಉಪ್ಪಿಟ್ಟು. ಮುದ್ದೆಗೂ ಚಮಚಕ್ಕೂ ಆಗಿಬರುವುದಿಲ್ಲವಲ್ಲ! ಅದನ್ನು ಹೆಬ್ಬೆರಳು, ತೋರುಬೆರಳು ಸೇರಿಸಿ ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. "ಹಿಟ್ಟು ಮಾಡಲಾ ಅತ್ತೆ?" ಅಂತ ಒಂದು ಸಲ ಕೇಳಿದೆ. "ಬ್ಯಾಡ. ಬಾಯಿಗೆ ರುಚಿ ಇಲ್ಲ" ಅಂದರು. ರುಚಿ ಇಲ್ಲದ್ದು ಬಾಯಿಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವತ್ತಿನಿಂದ ನಮ್ಮನೆಯಲ್ಲಿ ಮುದ್ದೆ ಕೋಲು ಒಲೆಯ ಹಿಂದೆ ಸೇರಿತು. ಅವರ ಮುಂದೆ ಕೂತು ನಾವು ಹೇಗೆ ಉಣ್ಣುವುದು, ಹೇಳಿ.

ಕೈಗೆ ವ್ಯಾಯಾಮ ಮಾಡಿಸಲು ಕೂನೂರಿನಿಂದ ಒಬ್ಬ ಹುಡುಗಿ ಬಸ್ಸಿನಲ್ಲಿ ಬರುತ್ತಿದ್ದಳು. ಒಳ್ಳೆಯ ಹುಡುಗಿ, ಪಾಟಿ ಪಾಟಿ ಅಂತ ತಮಿಳಿನಲ್ಲಿ ಅಜ್ಜಿಯನ್ನು ಮುದ್ದು ಮಾಡುತ್ತಿದ್ದಳು. ಅವಳೇ ಈ ಹಳದಿ ಚೆಂಡು ತಂದುಕೊಟ್ಟಿದ್ದು. ದಿನಾ ಇದನ್ನು ಹಿಸುಕಬೇಕು, ಬೆರಳಿಗೆ ಕೆಲಸ ಕೊಡದಿದ್ದರೆ ಅವು ಹೀಗೇ ಗಟ್ಟಿಯಾಗಿಬಿಡುತ್ತವೆ ಅಂದಳು. ಅವಳು ಗೇಟು ದಾಟಿದ್ದೇ ಅತ್ತೆ, "ನಾನೇನು ನಾಯಿಮರಿಯಾ, ಚೆಂಡಾಟ ಆಡಕೆ?" ಅಂದು ಎಡಗೈಯಲ್ಲಿ ಅದನ್ನು ಅಂಗಳಕ್ಕೆ ಎಸೆದರು. ನಾನು ತಂದಿಟ್ಟೆ. ಮತ್ತೆ ಎಸೆದರು. ಒಂದು ಲೆಕ್ಕದಲ್ಲಿ ಚೆಂಡಾಟವೇ ಆಯಿತು, ಓಡಿ ತರುವ ನಾಯಿಮರಿ ಮಾತ್ರ ನಾನು. ಬೇಸತ್ತು ಅದನ್ನು ಅಂಗಡಿಗೆ ಒಯ್ದೆ. ಮುಂದಿನ ಸಲ ಬಂದ ಹುಡುಗಿ ಹೋಗುವಾಗ ನನ್ನನ್ನು ಬದಿಗೆ ಕರೆದು ಮೆಲ್ಲಗೆ, "ಆಂಟಿ, ಅವರೇ ಮನಸ್ಸು ಮಾಡದೆ ಇದ್ದರೆ ಕೈ ಬರೋದಿಲ್ಲ" ಅಂದಳು. ನನಗೆ ಹೆದರಿಕೆಯಾಯಿತು. ಮುದ್ದೆ ಬಿಟ್ಟವರು ನಾಳೆ ಗಂಜಿಯನ್ನೂ ಬಿಟ್ಟರೆ?

ಇಷ್ಟರ ನಡುವೆ ಪೆಟೂನಿಯ ಯಾಕೆ ಬೆಳೆಸಿದೆ ಅಂತ ನೀವು ಕೇಳಬಹುದು. ಅಂಗಡಿಯ ಹಿಂದೆಯೇ ನಮ್ಮ ಮನೆ. ಗಿರಾಕಿಗಳು ಸಸಿ ಕೊಳ್ಳುವ ಮುಂಚೆ ಒಂದು ಸಲ ಕತ್ತು ಉದ್ದ ಮಾಡಿ ನಮ್ಮ ಜಗಲಿ ನೋಡುತ್ತಾರೆ. ಗೊಬ್ಬರದಂಗಡಿಯವಳ ಗಿಡವೇ ಬೋಳಾಗಿದ್ದರೆ ಅವಳ ಮಾತು ಯಾರು ಕೇಳುತ್ತಾರೆ? ಅದಕ್ಕೇ ಹಿಮ ಬೀಳುವ ದಿನಗಳಲ್ಲೇ ಟ್ರೇನಲ್ಲಿ ಬೀಜ ಹಾಕಿ, ಹಳೇ ಸೀರೆ ಹೊದಿಸಿ ಕಾಪಾಡಿದೆ. ಸಸಿ ಕುಂಡಕ್ಕೆ ಬಂದ ಮೇಲೆ ಮೊದಲ ಅನಾಹುತ ಮಾಡಿದ್ದು ನಮ್ಮೆಜಮಾನರು. ಅಮ್ಮನ ಕೆಲಸದಲ್ಲೇ ಮುಳುಗಿದ್ದಾಳೆ, ಸಹಾಯ ಮಾಡೋಣ ಅಂತ ನನಗೆ ಹೇಳದೆ ಕುಂಡಗಳಿಗೆಲ್ಲ ಯೂರಿಯಾ ಹಾಕಿದರು, ಟೀ ಗಿಡಕ್ಕೆ ಹಾಕುವ ಅಂದಾಜಿನಲ್ಲಿ! ಟೀ ತೋಟದಲ್ಲಿ ಹುಟ್ಟಿದವರಿಗೆ ಎಲೆ ಬಂದರೆ ಲಕ್ಷ್ಮಿ ಬಂದ ಹಾಗೆ. ಟೀ ಗಿಡದಲ್ಲಿ ಹೂವು ಕಂಡರೆ ಬೇಜಾರು ಮಾಡಿಕೊಳ್ಳುವ ಜನ ಇವರು. ಪೆಟೂನಿಯ ಕೆಸುವಿನ ಎಲೆಯ ಜೊತೆ ಪಂದ್ಯ ಕಟ್ಟಿದ ಹಾಗೆ ಎಲೆ ಬಿಟ್ಟಿತು, ಮೊಗ್ಗಿನ ಸುಳಿವಿಲ್ಲ. "ಎಷ್ಟು ಹಸುರಾಗಿದೆ ನೋಡೇ!" ಅಂತ ಅವರಿಗೆ ಖುಷಿ. ನೀರು ಹಾಯಿಸಿ ಹಾಯಿಸಿ ಆ ಗೊಬ್ಬರ ತೊಳೆದು ಇಳಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

ಹಾಗೂ ಹೀಗೂ ಮೊಗ್ಗು ಕಂಡಿತು. ಆಗ ಶುರುವಾಯಿತು ಎರಡನೇ ಅನಾಹುತ. ಒಂದು ಸಂಜೆ ಅಂಗಡಿಯಿಂದ ಬಂದು ನೋಡುತ್ತೇನೆ, ಜಗಲಿ ತುದಿಯ ಕುಂಡದಲ್ಲಿ ಒಂದೆರಡು ಕುಡಿ ಇಲ್ಲ. ಮಾರನೇ ದಿನ ಇನ್ನಷ್ಟು. ಮೊಗ್ಗು, ಅದರ ಕೆಳಗಿನ ಎಲೆ, ಎಲ್ಲ ಸೇರಿ ಮಾಯ. ಕೆಲವು ಕಡೆ ಕಾಂಡ ಜಜ್ಜಿಹೋಗಿ ನೇತಾಡುತ್ತಿತ್ತು, ಕೆಲವು ಕಡೆ ಬುಡದಿಂದಲೇ ಎಳೆದ ಹಾಗಿತ್ತು.

ಊರಿಗೆಲ್ಲ ಡಾಕ್ಟರಾದ ನಾನು ಸೆರಗು ಕಟ್ಟಿ ನಿಂತೆ. ಮೊಗ್ಗು ಕೊರೆಯುವ ಹಸುರು ಹುಳ ಇರಬೇಕು ಅಂತ ಎಲೆ ಎಲೆ ತಿರುಗಿಸಿ ನೋಡಿದೆ. ಹುಳ ಇದ್ದರೆ ತೂತಿರಬೇಕು, ಕರಿ ಹಿಕ್ಕೆ ಇರಬೇಕು, ಎರಡೂ ಇಲ್ಲ. ಬಸವನಹುಳ ಇರಬಹುದು ಅಂತ ಕುಂಡದ ಸುತ್ತ ಬೂದಿ ಚೆಲ್ಲಿದೆ. ಬಸವನಹುಳ ಹರಿದರೆ ಅಂಟಿನ ಗೆರೆ ಬೀಳುತ್ತದೆ, ಗೆರೆಯೂ ಇಲ್ಲ. ಇಲಿಯಾ, ಪಿಕಳಾರ ಹಕ್ಕಿಯಾ? ಪಕ್ಕದ ಬೀದಿಗೆ ಕಾಡೆಮ್ಮೆ ಬಂದು ಯಾರದೋ ಕೋಸು ಮೇಯ್ದಿತ್ತು, ಅದಾ? ನಮ್ಮೆಜಮಾನರು ನಕ್ಕರು. "ಕಾಡೆಮ್ಮೆ ಬಂದರೆ ಕುಂಡ ಉಳಿಯುತ್ತೇನೆ? ಜಗಲಿಯೇ ಉಳಿಯಲ್ಲ."

ಅತ್ತೆ ದಿನವಿಡೀ ಕೂರುವುದು ಆ ಜಗಲಿಯ ಕುರ್ಚಿಯಲ್ಲೇ. ಬಿಸಿಲು ಕಾಯಲಿ ಅಂತ ನಾನೇ ಅಲ್ಲಿ ಹಾಕಿದ್ದೆ. ಎಡಕ್ಕೆ ಬಾಗಿಲು, ಬಲಕ್ಕೆ ಕುಂಡಗಳ ಸಾಲು, ಬೆನ್ನ ಹಿಂದೆ ಒಗೆಯುವ ಬಟ್ಟೆ ಹಾಕುವ ಬಿದಿರಿನ ಬುಟ್ಟಿ.

"ಯಾರಾದರೂ ಬಂದಿದ್ದರಾ ಅತ್ತೆ?"

"ಕೋತಿ ಬಂದಿತ್ತು" ಅಂದರು.

"ಕೋತಿ ಪೆಟೂನಿಯ ತಿನ್ನುತ್ತಾ?"

"ಈ ಕೋತಿ ತಿಂತದೆ. ದೊಡ್ಡ ಕೋತಿ." ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನಾನು ಪೆದ್ದಿ, ಅವತ್ತು ಸಂಜೆ ಕೋತಿ ಹೆದರಲಿ ಅಂತ ಕಟ್ಟೆಯ ಮೇಲೆ ಒಂದು ಹಳೇ ಪ್ಲಾಸ್ಟಿಕ್ ಹಾವು ಇಟ್ಟೆ.

ಅದೇ ವಾರ ಇನ್ನೊಂದು ರಗಳೆ. ವಾಷಿಂಗ್ ಮೆಷಿನ್ನಿನಿಂದ ನಮ್ಮೆಜಮಾನರ ಬನಿಯನ್ನುಗಳು ನೇರಳೆ ಚುಕ್ಕೆ ಹೊತ್ತುಕೊಂಡು ಬಂದವು. ಒಂದು ಟವೆಲ್ಲಿಗೆ ಬಾಡಿದ ಪೆಟೂನಿಯ ಕುಡಿಯೊಂದು ಗಟ್ಟಿಯಾಗಿ ಅಂಟಿಕೊಂಡಿತ್ತು, ನನ್ನ ಜಡೆಗೆ ಅಂಟಿಕೊಂಡಿತ್ತಲ್ಲ, ಹಾಗೆ. ಗಾಳಿಗೆ ಹಾರಿ ಬಂದು ಬುಟ್ಟಿಗೆ ಬಿದ್ದಿರಬೇಕು ಅಂದುಕೊಂಡೆ. ಬುದ್ಧಿ ಒಂದು ಮಾರು ಮುಂದೆ ಹೋಗಿದ್ದರೆ ಅಲ್ಲೇ ಗೊತ್ತಾಗಬೇಕಿತ್ತು. ಹೋಗಲಿಲ್ಲ.

ಬೇವಿನೆಣ್ಣೆ ಹೊಡೆದಿದ್ದಾಯಿತು, ಏನೂ ಉಪಯೋಗವಿಲ್ಲ. "ಸುಮ್ಮನೆ ಆಟ ಆಡಬೇಡ. ಕೋಸಿನ ಹುಳಕ್ಕೆ ಹೊಡೆಯೋ ಔಷಧಿ ಇದೆಯಲ್ಲ, ಒಂದೇ ಸಲಕ್ಕೆ ಮುಗಿಯುತ್ತೆ" ಅಂತ ನಮ್ಮೆಜಮಾನರು ಕೆಂಪು ಗುರುತಿನ ಬಾಟಲಿ ತೆಗೆದಿಟ್ಟರು. ಸರಿ, ಇವತ್ತು ಹೊಡೆದೇ ಬಿಡುತ್ತೇನೆ ಅಂತ ಊಟದ ಹೊತ್ತು ಕಳೆದ ಮೇಲೆ ಅಂಗಡಿಯನ್ನು ಅವರಿಗೆ ಬಿಟ್ಟು, ಬಾಟಲಿ ಹಿಡಿದು, ಹಿತ್ತಲ ಬಾಗಿಲಿನಿಂದ ಮನೆಗೆ ಬಂದೆ. ಪಂಪು ಅಡುಗೆಮನೆಯ ಮೂಲೆಯಲ್ಲಿತ್ತು. ಅದನ್ನು ಎತ್ತಿಕೊಳ್ಳುವಾಗ ಕಿಟಕಿಯಿಂದ ಜಗಲಿ ಕಂಡಿತು.

ಅತ್ತೆ ಕುರ್ಚಿಯ ತುದಿಗೆ ಸರಿದು ಕೂತಿದ್ದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕುಂಡದ ಹತ್ತಿರ ಒಯ್ದಿದ್ದರು. ಮಡಿಚಿಕೊಂಡ ಬೆರಳುಗಳ ನಡುವೆ ಹೆಬ್ಬೆರಳು, ತೋರುಬೆರಳು ಎರಡೇ ನಡುಗುತ್ತ ನಡುಗುತ್ತ ಒಂದು ಕುಡಿಯನ್ನು ಹುಡುಕುತ್ತಿದ್ದವು. ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು. ತುಟಿ ಕಚ್ಚಿ ಮುರಿದರು. ಎರಡೆಲೆ, ಒಂದು ಮೊಗ್ಗು, ಟೀ ಕೀಳುವ ಲೆಕ್ಕದಲ್ಲೇ. ಮುರಿದದ್ದನ್ನು ಎಡಗೈಗೆ ವರ್ಗಾಯಿಸಿ, ತಲೆ ಕೂಡ ತಿರುಗಿಸದೆ, ಹೆಗಲ ಮೇಲಿಂದ ಹಿಂದಕ್ಕೆ ಎಸೆದರು. ಬೆನ್ನ ಮೇಲೆ ಟೀ ಬುಟ್ಟಿ ಹೊತ್ತವರು ಎಸೆಯುತ್ತಾರಲ್ಲ, ಹಾಗೆ. ಅದು ಹೋಗಿ ನನ್ನ ಬಟ್ಟೆ ಬುಟ್ಟಿಗೆ ಬಿತ್ತು. "ಥೂ, ಅಂಟು ಮುಂಡೇದು. ಇದೂ ಒಂದು ಎಲೆಯಾ, ಫ್ಯಾಕ್ಟರೀಲಿ ಮುಖಕ್ಕೆ ಎಸೀತರೆ" ಅಂತ ಗಿಡವನ್ನು ಬೈದು ಮುಂದಿನ ಕುಡಿಗೆ ಕೈ ಹಾಕಿದರು.

ನನ್ನ ಕೈಯಲ್ಲಿ ವಿಷದ ಬಾಟಲಿ. ಈ ಹೊತ್ತಿನ ತನಕ ಕಾಯದೆ, ಬೆಳಿಗ್ಗೆಯೇ ಹೊಡೆದುಬಿಟ್ಟಿದ್ದರೆ? ಅದೇ ಬೆರಳು, ಅದೇ ಎಲೆ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಹೆದರಿಕೆಗೆ ಎಷ್ಟು, ಸಂತೋಷಕ್ಕೆ ಎಷ್ಟು ಅಂತ ಗೊತ್ತಾಗಲಿಲ್ಲ.

ಹೊರಗೆ ಹೋಗಿ ತಬ್ಬಿಕೊಳ್ಳಬಹುದಿತ್ತು. ಹೋಗಲಿಲ್ಲ. ಆ ಹೆಂಗಸು ನನಗೆ ಗೊತ್ತು. ನಾವು ಇಲ್ಲದ ಹೊತ್ತು ನೋಡಿ ಮಾಡುತ್ತಿದ್ದಾರೆ ಅಂದರೆ, ಕುಡಿ ಜಾರುವುದನ್ನು ಯಾರೂ ನೋಡಬಾರದು ಅಂತ. ಸೊಸೆಯಂತೂ ನೋಡಲೇಬಾರದು. ನೋಡಿದೆ ಅಂತ ತಿಳಿದರೆ ಚೆಂಡಿನ ಗತಿಯೇ ಪೆಟೂನಿಯಕ್ಕೂ ಆಗುತ್ತಿತ್ತು. ಬಂದ ಬಾಗಿಲಲ್ಲೇ ವಾಪಸ್ ಹೋಗಿ ಬಾಟಲಿಯನ್ನು ಅಂಗಡಿಯ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. "ಹೊಡೆದೆಯಾ?" ಅಂತ ನಮ್ಮೆಜಮಾನರು ಕೇಳಿದರು. "ಬೇಡ, ಹುಳ ಯಾವುದು ಅಂತ ಗೊತ್ತಾಯ್ತು. ಇದಕ್ಕೆ ಔಷಧಿ ಇಲ್ಲ" ಅಂದೆ. ನಿಜ ಹೇಳಿದ್ದು ಮಲಗುವಾಗ. ಅವರು ಆ ಕಡೆ ತಿರುಗಿ ರಗ್ಗನ್ನು ಮುಖದ ಮೇಲೆ ಎಳೆದುಕೊಂಡರು.

ಬೇವಿನೆಣ್ಣೆಯನ್ನೂ ನಿಲ್ಲಿಸಿದೆ. ಆಮೇಲೆ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ನೀರು ಹಾಕುವ ನೆಪದಲ್ಲಿ, ಚಿವುಟಿ ಬೋಳಾದ ಕುಂಡವನ್ನು ಆಚೆ ತಳ್ಳಿ, ಹೊಸ ಕುಡಿ ಇರುವ ಕುಂಡವನ್ನು ಕುರ್ಚಿಯ ಬಲಕ್ಕೆ ಸರಿಸುತ್ತಿದ್ದೆ. ಬಟ್ಟೆ ಬುಟ್ಟಿಯನ್ನು ಖಾಲಿ ಮಾಡಿ ಅಲ್ಲೇ ಬಿಡುತ್ತಿದ್ದೆ. ನಮ್ಮ ಬಟ್ಟೆಗಳು ಬಾತ್‌ರೂಮಿನ ಬಕೆಟ್ಟಿಗೆ ಹೋದವು. ಈ ಕುಂಡ ಯಾಕೆ ಇಲ್ಲಿಗೆ ಬಂತು ಅಂತ ಅತ್ತೆ ಕೇಳಲಿಲ್ಲ. ನಾನು ಹೇಳಲಿಲ್ಲ. ಸಂಜೆ ಬಂದು ಸೊಂಟದ ಮೇಲೆ ಕೈ ಇಟ್ಟು ಜೋರಾಗಿ, "ಈ ಹುಳದ ಕಾಟ ಜಾಸ್ತಿಯಾಯ್ತಲ್ಲಪ್ಪ!" ಅಂತ ನಾಟಕ ಆಡುತ್ತಿದ್ದೆ. "ಔಷಧಿ ಹೊಡಿ" ಅನ್ನುತ್ತಿದ್ದರು ಅತ್ತೆ, ಬೀದಿ ನೋಡುತ್ತ. ಮೊದಮೊದಲು ಜಜ್ಜಿಹೋಗಿರುತ್ತಿದ್ದ ಕಾಂಡಗಳು ಬರಬರುತ್ತ ನೀಟಾಗಿ ಮುರಿದಿರುತ್ತಿದ್ದವು. ನಾನು ದಿನಾ ಅದನ್ನೇ ಬಗ್ಗಿ ನೋಡುತ್ತಿದ್ದೆ.

ಪೆಟೂನಿಯ ಚಿವುಟಿದರೆ ಸ್ಟ್ರೋಕ್ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ನಾಳೆ ಕವರಿನಲ್ಲಿ ಎಲೆಯ ಬದಲು ರಿಪೋರ್ಟು ಹಿಡಿದುಕೊಂಡು ಅಂಗಡಿಗೆ ಬಂದೀರಿ. ಕೂನೂರಿನ ಹುಡುಗಿಗೆ ಗುಟ್ಟಾಗಿ ಹೇಳಿದಾಗ ಅವಳು, ಚೆಂಡಾದರೇನು, ಎಲೆಯಾದರೇನು ಆಂಟಿ, ಬೆರಳಿಗೆ ಕೆಲಸ ಸಿಕ್ಕರೆ ಸರಿ ಅಂದಳು. ಅಷ್ಟೇ ಅದರ ಶಾಸ್ತ್ರ.

ಇನ್ನು ಹೂವಿನ ಕಥೆ. ಸೀಸನ್ನಿನಲ್ಲಿ ಊರೆಲ್ಲ ಹೂವಾಗಿ, ರಸ್ತೆ ತುಂಬ ಕಾರಾಗಿ, ಟೂರಿಸ್ಟರು ಕುದುರೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಹೊತ್ತಿನಲ್ಲಿ ನಮ್ಮ ಜಗಲಿಯಲ್ಲಿ ಮಾತ್ರ ಹೂವಿಲ್ಲದ ಹಸುರು ಗುಪ್ಪೆಗಳು. ಮೇಷ್ಟ್ರು ಬಂದು ಕತ್ತು ಉದ್ದ ಮಾಡಿ ನೋಡಿ, "ನಿಮ್ಮ ಗಿಡಕ್ಕೆ ಏನಾಗಿದೆಯಮ್ಮ? ನೀರು ಜಾಸ್ತಿ ಹಾಕ್ತೀರಾ?" ಅಂತ ಕೇಳಿದರು. ಮೂರು ಹೊತ್ತೂ ನೀರು ಹಾಕುವ ಮನುಷ್ಯ ನನಗೆ ಕೇಳುವ ಮಾತಾ ಇದು? ನುಂಗಿಕೊಂಡೆ. ಆಮೇಲೆ, ಸೀಸನ್ ಮುಗಿದು ಕಾರುಗಳೆಲ್ಲ ಇಳಿದು ಹೋದ ಮೇಲೆ, ಕವಲಿಗೆ ಕವಲು ಒಡೆದಿದ್ದ ಆ ಗುಪ್ಪೆಗಳು ಒಟ್ಟಿಗೇ ಹೂ ಬಿಟ್ಟವು. ಅಷ್ಟು ಪೆಟೂನಿಯ ನಾನು ನನ್ನ ಜಗಲಿಯಲ್ಲಿ ಯಾವತ್ತೂ ನೋಡಿರಲಿಲ್ಲ. ಹೂ ಬಿಡುವಷ್ಟು ಪುರುಸೊತ್ತು ಅವಕ್ಕೆ ಯಾಕೆ ಸಿಕ್ಕಿತು ಅಂತ ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಅತ್ತೆ ಚಿವುಟುವುದನ್ನು ನಿಲ್ಲಿಸಿದ್ದರು.

ಕೈ ಸೋತಿತಾ, ಬೇಸರ ಬಂತಾ ಅಂತ ಮತ್ತೆ ಭಯವಾಯಿತು. ಕುಂಡ ಇನ್ನೂ ಹತ್ತಿರಕ್ಕೆ ಸರಿಸಿದೆ. ಮುಟ್ಟಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಮಳೆಗಾಲ ಬಂತು. ಪೆಟೂನಿಯಕ್ಕೆ ಮಳೆಯಾಗದು, ಒಂದೇ ಮಳೆಗೆ ಹೂವೆಲ್ಲ ಒದ್ದೆ ಕಾಗದ. ನಾನು ಕುಂಡಗಳನ್ನು ಸೂರಿನ ಕೆಳಗೆ ಎಳೆಯುತ್ತಿದ್ದೆ, ಸೆರಗೆಲ್ಲ ಅಂಟು. ಹಿಂದಿನಿಂದ ಅತ್ತೆಯ ದನಿ ಬಂತು.

"ರತ್ನ, ಇವತ್ತು ಹಿಟ್ಟು ತೊಳಸು."

ಕುಂಡ ಹಿಡಿದವಳು ಹಾಗೇ ನಿಂತೆ. "ಏನಂದಿರಿ ಅತ್ತೆ?"

"ಕಿವಿಗೂ ಹುಳ ಬಿತ್ತಾ? ಹಿಟ್ಟು ತೊಳಸು ಅಂದೆ. ಉಪ್ಸಾರು ಮಾಡು."

ಒಲೆಯ ಹಿಂದಿನಿಂದ ಕೋಲು ತೆಗೆದು ಜೇಡರ ಬಲೆ ಒರೆಸಿದೆ. ಎಷ್ಟೋ ತಿಂಗಳಿನಿಂದ ಮುಟ್ಟದ ಕೆಲಸ, ಮೊದಲೇ ಬಾರದ ಕೆಲಸ. ಎಸರು ಹೆಚ್ಚಾಯಿತಾ, ಹಿಟ್ಟು ಕಡಿಮೆಯಾಯಿತಾ ಅನ್ನುವ ಗಾಬರಿಯಲ್ಲಿ ಕೈ ಸುಟ್ಟುಕೊಂಡೆ. ತಟ್ಟೆ ಇಟ್ಟೆ. ಅಭ್ಯಾಸದಂತೆ ಪಕ್ಕದಲ್ಲಿ ಚಮಚ ಇಟ್ಟೆ. ಅತ್ತೆ ಎಡಗೈಯಿಂದ ಚಮಚವನ್ನು ಆಚೆ ಸರಿಸಿದರು.

ನಮ್ಮೆಜಮಾನರು ತಮ್ಮ ತಟ್ಟೆಯನ್ನೇ ನೋಡುತ್ತ ಕೂತರು, ನಾನು ಸಾರಿನ ಪಾತ್ರೆ ನೋಡುತ್ತ ನಿಂತೆ. ನೋಡದ ಹಾಗೆ ನೋಡುವುದನ್ನು ಅಷ್ಟು ದಿನದಲ್ಲಿ ಚೆನ್ನಾಗಿ ಕಲಿತಿದ್ದೆ. ಬಲಗೈ ಮಡಿಲಿಂದ ಎದ್ದಿತು. ಎಡಗೈ ಆಸರೆಗೆ ಬರಲಿಲ್ಲ. ಹೆಬ್ಬೆರಳು, ತೋರುಬೆರಳು, ಜೊತೆಗೆ ಈಗ ನಡುಬೆರಳೂ ಸೇರಿ ಮುದ್ದೆಯ ಅಂಚು ಹಿಡಿದವು. ಒಂದು ಸಲ ಜಾರಿತು. ಮತ್ತೆ ಹಿಡಿದು ಮುರಿದರು. ಸಾರಿನಲ್ಲಿ ಹೊರಳಿಸಿದರು. ಕೈ ಬಾಯಿಯ ತನಕ ಹೋಗುವಾಗ ನಡುಗಿ ಸಾರು ಸೀರೆಯ ಮೇಲೆಲ್ಲ ಸುರಿಯಿತು. ನಾವಿಬ್ಬರೂ ಅಲ್ಲಾಡಲಿಲ್ಲ. ತುತ್ತು ಬಾಯಿಗೆ ಹೋಯಿತು. ಕಣ್ಣು ಮುಚ್ಚಿ ನುಂಗಿದರು.

"ಗಂಟಾಗದೆ" ಅಂದರು.

ನಮ್ಮೆಜಮಾನರು ತಲೆ ಬಗ್ಗಿಸಿಕೊಂಡು ಗಬಗಬ ಉಣ್ಣಲು ಶುರುಮಾಡಿದರು. ಅತ್ತೆ ತಮ್ಮ ಪಾಡಿಗೆ ಒಂದೊಂದೇ ತುತ್ತು ಮುರಿದು, ಚೆಲ್ಲಿ, ನುಂಗಿ, ತಟ್ಟೆ ಖಾಲಿ ಮಾಡಿದರು. ಆಮೇಲೆ ಅದೇ ಕೈಯಲ್ಲಿ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಇನ್ನೊಂದು ಇಕ್ಕು" ಅಂದರು.